ಎಲೆ ತಪ್ಪಿದಾಗ

ಎಲೆ ಹಾಕುವವರ ಕೈ ತಪ್ಪುವುದು ದೊಡ್ಡ ಸಂಗತಿಯಲ್ಲ. ಹೆಬ್ಬೆರಳಿಗೆ ಬೆವರು ಹತ್ತಿದ್ದರೆ ಎರಡೆಲೆ ಒಟ್ಟಿಗೆ ಜಾರುತ್ತವೆ. ಮಾತಿನ ಭರದಲ್ಲಿ ಒಬ್ಬರನ್ನು ಬಿಟ್ಟು ಪಕ್ಕದವರಿಗೆ ಹೋಗಿಬಿಡುತ್ತದೆ. ಒಂದೆಲೆ ಗಾಳಿಗೆ ಮಗುಚಿ ಆಟೀನ್ ರಾಣಿ ಕೂತವರಿಗೆಲ್ಲ ಮುಖ ತೋರಿಸುತ್ತಾಳೆ. ಇಂಥ ತಪ್ಪು ನಡೆದ ಮೇಲೆ, ಯಾರಾದರೂ ಬಾಯಿ ಬಿಡುವುದಕ್ಕೆ ಮುಂಚೆ, ಒಂದು ಗಳಿಗೆ ಇರುತ್ತದಲ್ಲ, ನನ್ನ ಯೋಚನೆಯೆಲ್ಲ ಆ ಗಳಿಗೆಯದು. ಯಾರು ಹೇಳುತ್ತಾರೆ? ತಮ್ಮ ಎಲೆ ನೋಡಿಕೊಂಡ ಮೇಲೆ ಹೇಳುತ್ತಾರೋ, ನೋಡುವ ಮುಂಚೆಯೋ? ಕೂತವರು ಅದನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ? ಒಂದು ಜಗಲಿಯ ಮೇಲಿನ ಆಟ ಎಷ್ಟು ಮರ್ಯಾದೆಯದು ಎಂಬುದು ಗೆದ್ದವರಿಂದ ಗೊತ್ತಾಗುವುದಿಲ್ಲ, ಆ ಗಳಿಗೆಯಿಂದ ಗೊತ್ತಾಗುತ್ತದೆ.

ಕಣಕಟ್ಟೆ ಅರಸೀಕೆರೆ ತಾಲ್ಲೂಕಿನ ಹೋಬಳಿ ಊರು. ತೆಂಗಿನ ಸೀಮೆ. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಅದು ಒಣಗಬೇಕು. ಒಳಗೆ ಗಿಟುಕು ಅಲ್ಲಾಡುವ ಸದ್ದು ಬಂದ ಮೇಲೆ ಸುಲಿದು, ಉಂಡೆ ಕೊಬ್ಬರಿ ತೆಗೆದು ಅರಸೀಕೆರೆಗೋ ತಿಪಟೂರಿಗೋ ಒಯ್ಯುವುದು. ಹೊಲದ ರಾಗಿಗೂ ಮಳೆ ಕಾಯಬೇಕು. ಇಲ್ಲಿಯ ಬೇಸಾಯದಲ್ಲಿ ಕಾಯುವುದೇ ಹೆಚ್ಚು, ಕಾಯುವವರಿಗೆ ಇಸ್ಪೀಟು ಹಳೆಯ ಜೊತೆಗಾರ. ಯುಗಾದಿ ಬಂತೆಂದರೆ ಹೇಳುವುದೇ ಬೇಡ. ಬೇವುಬೆಲ್ಲ, ಹೋಳಿಗೆ ಮುಗಿದು, ಮಾರನೆಯ ದಿನದ ವರ್ಷತೊಡಕಿನ ಊಟವೂ ಆದ ಮೇಲೆ, ಹಳೇ ಮೈಸೂರಿನ ಊರೂರಲ್ಲಿ ಮರದ ನೆರಳಿಗೆ, ಕೊಟ್ಟಿಗೆಯ ಮಗ್ಗುಲಿಗೆ, ಖಾಲಿ ಕಟ್ಟಡದ ಒಳಗೆ ಎಲೆ ಬೀಳುತ್ತವೆ.

ಇದರಲ್ಲಿ ಬಹುಪಾಲು ಹಣದ ಆಟ, ಅದನ್ನು ನಾನು ಮೆಚ್ಚುವುದಿಲ್ಲ. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕೊಬ್ಬರಿಯ ದುಡ್ಡು ಒಂದು ಮಧ್ಯಾಹ್ನದ ಅಂದರ್ ಬಾಹರ್‌ನಲ್ಲಿ ಹೋಗುವುದು ಎಂದರೆ ಆ ಮನೆಯ ಹೆಂಗಸರ, ಮಕ್ಕಳ ಒಂದು ವರ್ಷ ಹೋದ ಹಾಗೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಸಾರ್ವಜನಿಕ ಜಾಗದಲ್ಲಿ ಜೂಜಾಡುವುದನ್ನು ಅಪರಾಧ ಎನ್ನುತ್ತದೆ. ಹಬ್ಬ ಬಂದಾಗಲೆಲ್ಲ ಪೊಲೀಸರು ಎಚ್ಚರಿಕೆ ಕೊಡುತ್ತಾರೆ, ಹಬ್ಬ ಮುಗಿದ ಮೇಲೆ ಪತ್ರಿಕೆಯಲ್ಲಿ ಬಂಧನದ ಸುದ್ದಿ ಬರುತ್ತದೆ. ನಾನು ಹೇಳಹೊರಟಿರುವುದು ಅದರಾಚೆಯ ಆಟದ ಬಗ್ಗೆ: ಹಣವಿಲ್ಲದೆ, ಹೊತ್ತು ಕಳೆಯಲು, ನೆಂಟರಿಷ್ಟರು ಕೂತು ಆಡುವ ರಮ್ಮಿ, ಕತ್ತೆ ಆಟ. ಹಣ ನಡುವೆ ಇಲ್ಲದಾಗ ತಪ್ಪನ್ನು ತಪ್ಪಾಗಿಯೇ ನೋಡಬಹುದು. ಹಣ ಬಂದರೆ ಪ್ರತಿ ತಪ್ಪಿಗೂ ಮೋಸದ ವಾಸನೆ ಬರುತ್ತದೆ, ಆಗ ಯೋಚನೆ ನಿಂತು ಕೈ ಮುಂದಾಗುತ್ತದೆ.

ಅಂಥದೊಂದು ಆಟ: ಕಣಕಟ್ಟೆಯಲ್ಲಿ ಮುಚ್ಚಿದ ಅಂಗಡಿಯೊಂದರ ಜಗಲಿ. ಬಿಸಿಲು ಇಳಿದಿದೆ. ಗೋಣಿತಾಟಿನ ಮೇಲೆ ಟವೆಲ್ ಹಾಸಿಕೊಂಡು ಐದು ಜನ ರಮ್ಮಿಗೆ ಕೂತಿದ್ದಾರೆ. ಐವರೆಂದ ಮೇಲೆ ಎರಡು ಕಟ್ಟು ಸೇರಿಸಿದ್ದಾರೆ, ಜೋಕರ್ ಬಿಟ್ಟು 104 ಎಲೆ, ತಲೆಗೆ 13. ಹಾಕುತ್ತಿರುವ ಹಿರಿಯರದು ಮಚ್ಚು ಹಿಡಿದು ಕಾಯಿ ಸುಲಿದ ಕೈ. ಬೆರಳ ತುದಿ ಒರಟಾಗಿ, ಹೊಸ ಎಲೆಯ ನುಣುಪು ಅದಕ್ಕೆ ಹತ್ತುತ್ತಿಲ್ಲ. ಎದುರಿಗಿದ್ದ ನಡುವಯಸ್ಸಿನವನು ತನ್ನ ಎಲೆಗಳನ್ನು ಎತ್ತಲಿಲ್ಲ. ಬೆನ್ನು ಮೇಲಾಗಿ ಬಿದ್ದಿದ್ದವನ್ನು ಹಾಗೆಯೇ ಕೂಡಿಸಿ, ಹೆಬ್ಬೆರಳಿನಿಂದ ಒಂದೊಂದೇ ಅಂಚು ಸರಿಸುತ್ತ ಎಣಿಸಿದ. ಮತ್ತೊಮ್ಮೆ ಎಣಿಸಿದ.

‘ದೊಡ್ಡಪ್ಪ, ನಂತಾವ ಹದಿನಾಕು ಐತೆ.’

ಅವನ ಪಕ್ಕದ ಹುಡುಗ ಅಷ್ಟರಲ್ಲೇ ತನ್ನದನ್ನು ಎತ್ತಿ ಜೋಡಿಸಿಕೊಂಡಿದ್ದ. ಒಳ್ಳೆಯ ಕೈ ಬಿದ್ದಿರಬೇಕು, ಬಹುಶಃ ಹಾಕಿದ ಎಲೆಯಲ್ಲೇ ಲೈಫ್ (ಜೋಕರ್ ಇಲ್ಲದ ಸಾಲು) ಕೂತಿತ್ತು. ‘ಒಂದೆಲೆ ತಾನೆ ದೊಡ್ಡಪ್ಪ, ಅವ್ನ ಕೈಯಾಗಿಂದ ಒಂದು ಎಳ್ಕಂಡು ಕಟ್ಟಿಗೆ ಸೇರ್ಸಿ, ಆಡಾಣ’ ಎಂದ.

ಹಿರಿಯರು ಇಬ್ಬರನ್ನೂ ನೋಡಿದರು. ‘ಅವ್ನು ನೋಡ್ದಲೆ ಹೇಳ್ತವ್ನೆ, ನೀನು ನೋಡ್ಕಂಡು ಹೇಳ್ತಿದ್ದೀಯ. ನಾನು ಯಾರ ಮಾತು ಕೇಳ್ಲಪ್ಪ?’

ಹುಡುಗ ಎಲೆ ಕೆಳಗಿಟ್ಟ. ಎಲ್ಲರದನ್ನೂ ಕೂಡಿಸಿ, ಕಲಸಿ, ಬಲಗಡೆಯವರ ಕೈಲಿ ಕಟ್ ಮಾಡಿಸಿ, ಮತ್ತೆ ಹಾಕಿದರು.

ಹಿರಿಯರ ಈ ಮಾತನ್ನು ನಾನು ಬಹಳ ಸಲ ಮನಸ್ಸಿನಲ್ಲಿ ಹೊರಳಿಸಿ ನೋಡಿದ್ದೇನೆ. ಏಕೆಂದರೆ, ಲೆಕ್ಕಕ್ಕೆ ಕೂತರೆ ಹುಡುಗ ಹೇಳಿದ್ದರಲ್ಲಿ ತಪ್ಪಿಲ್ಲ. ಹದಿನಾಲ್ಕು ಎಲೆಯನ್ನು ಯಾರೂ ನೋಡಿಲ್ಲ. ಅದರಲ್ಲಿ ಯಾವುದೋ ಒಂದನ್ನು ಕಣ್ಣು ಮುಚ್ಚಿ ಎಳೆದು ಕಟ್ಟಿನ ನಡುವೆ ಸೇರಿಸಿದರೆ ಯಾರ ಅವಕಾಶವೂ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಉಳಿದ ಹದಿಮೂರು ಮೊದಲೇ ಸರಿಯಾಗಿ ಬಿದ್ದಿದ್ದರೆ ಎಷ್ಟು ನ್ಯಾಯವಾಗಿರುತ್ತಿದ್ದವೋ ಈಗಲೂ ಅಷ್ಟೇ. ಹಿರಿಯರ ಮಾತೂ ತಪ್ಪಲ್ಲ. ಪರಿಹಾರ ಸರಿಯಿತ್ತು, ಅದು ಬಂದ ಬಾಯಿ ಸರಿಯಿರಲಿಲ್ಲ. ಅದೇ ಮಾತನ್ನು ಎಲೆ ಎತ್ತದವನು ಹೇಳಿದ್ದರೆ ಅದು ನ್ಯಾಯದ ಮಾತಾಗುತ್ತಿತ್ತು. ಎತ್ತಿದವನು ಹೇಳಿದಾಗ ಅದರೊಳಗೆ ಅವನ ಲೈಫ್ ಸೇರಿಕೊಂಡಿತ್ತು. ಹುಡುಗ ಕೆಟ್ಟವನಲ್ಲ, ಸುಳ್ಳೂ ಹೇಳಲಿಲ್ಲ. ತನ್ನ ಮಾತು ನ್ಯಾಯದಿಂದ ಬಂತೋ ಆಸೆಯಿಂದ ಬಂತೋ ಎಂದು ಅವನಿಗೇ ತಿಳಿಯುವ ದಾರಿ ಇರಲಿಲ್ಲ, ಅಷ್ಟೆ. ಕೈಯಲ್ಲಿ ಕಸ ಬಿದ್ದಿದ್ದರೆ ‘ಎಲ್ಲಾ ಕೂಡ್ಸಿ ಮತ್ತೆ ಹಾಕ್ರಿ’ ಎನ್ನುತ್ತಿದ್ದನೇನೋ. ಆಗಲೂ ಮನಃಪೂರ್ವಕವಾಗಿಯೇ ಹೇಳುತ್ತಿದ್ದ.

ಅದಕ್ಕೇ ಬಲ್ಲವರು ಕೂತ ಕಡೆ ಒಂದು ಶಿಸ್ತು ಕಾಣುತ್ತದೆ. ಎತ್ತುವ ಮುಂಚೆ ಎಣಿಸು. ತಪ್ಪಿದ್ದರೆ ಆಗಲೇ ಹೇಳು. ಮಗುಚಿ ನೋಡಿದ ಮೇಲೆ ಎಣಿಕೆಯ ಮಾತು ಎತ್ತುವವರಿಗೆ ಅಲ್ಲಿ ಬೆಲೆ ಇಲ್ಲ. ಎಣಿಸಲು ಹಿಡಿಯುವುದು ನಾಲ್ಕೈದು ಸೆಕೆಂಡು. ಆ ನಾಲ್ಕೈದು ಸೆಕೆಂಡಿನ ತಾಳ್ಮೆ ಎಷ್ಟು ಕಷ್ಟ ಎಂದು ಎಲೆ ಹಿಡಿದವರಿಗೆಲ್ಲ ಗೊತ್ತು. ಏನು ಬಿತ್ತು ಎಂದು ನೋಡುವ ಆತುರ ಮನುಷ್ಯನ ಮೈಯಲ್ಲೇ ಇದೆ.

ಇನ್ನೊಂದು ಬಗೆಯ ಜಗಳ ಇದಕ್ಕಿಂತ ವಿಚಿತ್ರ. ಹಾಕುವವರು ಒಬ್ಬರನ್ನು ಬಿಟ್ಟು ಮುಂದೆ ಹೋದರು. ಒಂದು ಸುತ್ತು ಆದ ಮೇಲೆ ಗೊತ್ತಾಯಿತು. ‘ಅದು ನಂಗೆ ಬರ್ಬೇಕಾಗಿದ್ದ ಎಲೆ’ ಎಂದು ಬಿಟ್ಟುಹೋದವನು ಕೂಗುತ್ತಾನೆ. ಅಂದರ್ ಬಾಹರ್‌ನಲ್ಲಂತೂ ಇದು ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತದೆ. ಒಂದೆಲೆ ಒಳಗೆ, ಒಂದೆಲೆ ಹೊರಗೆ ಎಂದು ಹಾಕುತ್ತ ಹೋಗುವಾಗ ಎರಡೆಲೆ ಅಂಟಿಕೊಂಡು ಒಂದೇ ಕಡೆ ಬಿದ್ದರೆ, ಅಲ್ಲಿಂದ ಮುಂದಿನ ಪ್ರತಿ ಎಲೆಯೂ ಬದಿ ಬದಲಿಸುತ್ತದೆ. ಗೆಲ್ಲಬೇಕಾದವನು ಸೋತ, ಸೋಲಬೇಕಾದವನು ಗೆದ್ದ ಎಂದು ಕೂಗೆದ್ದು ಊರೇ ಸೇರುತ್ತದೆ.

ಆದರೆ ಗೆಲ್ಲಬೇಕಾದವನು ಎಂಬವನು ಅಲ್ಲಿ ಇದ್ದನೇ? ಚೆನ್ನಾಗಿ ಕಲಸಿದ ಕಟ್ಟಿನಲ್ಲಿ ಮುಂದಿನ ಎಲೆ ಯಾವುದೆಂದು ಯಾರಿಗೂ ಗೊತ್ತಿಲ್ಲ. 52 ಎಲೆಗಳನ್ನು ಜೋಡಿಸಬಹುದಾದ ಬಗೆಗಳ ಸಂಖ್ಯೆ ಎಂಟರ ಮುಂದೆ ಅರವತ್ತೇಳು ಸೊನ್ನೆ ಇಟ್ಟಷ್ಟು. ಅವುಗಳಲ್ಲಿ ಯಾವುದು ಬೇಕಾದರೂ ಬರಬಹುದಿತ್ತು. ನೋಡದ ಎಲೆ ಯಾರಿಗೂ ಬರಬೇಕಾಗಿರಲಿಲ್ಲ. ಅದು ನನ್ನದಾಗಿತ್ತು ಅನ್ನಿಸುವುದು ಅದರ ಮುಖ ಕಂಡ ಮೇಲೆ. 1967ರಲ್ಲಿ ಆಂಧ್ರಪ್ರದೇಶ ಸರ್ಕಾರ ಮತ್ತು ಕೆ. ಸತ್ಯನಾರಾಯಣ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ರಮ್ಮಿ ಮುಖ್ಯವಾಗಿ ಕುಶಲತೆಯ ಆಟ ಎಂದಿತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಎಸೆಯಬೇಕು ಎಂದು ತಿಳಿದಿರಬೇಕು ಎಂಬುದು ಅದಕ್ಕೆ ಕಾರಣ. ಆದರೆ ಎಲೆ ಕಲಸಿ ಹಂಚುವ ಯಾವ ಆಟದಲ್ಲೂ ಅದೃಷ್ಟದ ಪಾಲು ಇದ್ದೇ ಇರುತ್ತದೆ, ಹಂಚಿಕೆಗೆ ಗೊತ್ತಾದ ಕ್ರಮವಿಲ್ಲ ಎಂದೂ ಅದೇ ತೀರ್ಪು ಒಪ್ಪಿಕೊಂಡಿದೆ. ಕುಶಲತೆ ಶುರುವಾಗುವುದು ಎಲೆ ಕೈಗೆ ಬಂದ ಮೇಲೆ. ಅದಕ್ಕೆ ಮುಂಚಿನದರ ಮೇಲೆ ಯಾರ ಹಕ್ಕೂ ಇಲ್ಲ.

ಇಷ್ಟು ಹೇಳಿದರೂ ಬಿಟ್ಟುಹೋದವನ ನೋವು ಹೋಗುವುದಿಲ್ಲ, ಅದು ನನಗೆ ಗೊತ್ತು. ಬರದೇ ಹೋದದ್ದನ್ನು ಕಳೆದುಕೊಂಡದ್ದರ ಲೆಕ್ಕಕ್ಕೆ ಬರೆದುಕೊಳ್ಳುವುದು ನಮ್ಮ ಸ್ವಭಾವ. ತಪ್ಪಿಹೋದ ಕೆಲಸ, ಕೂಡಿಬರದ ಸಂಬಂಧ, ಪಕ್ಕದ ಹೊಲಕ್ಕೆ ಸುರಿದು ನಮ್ಮಲ್ಲಿ ಸುರಿಯದ ಮಳೆ, ಎಲ್ಲವೂ ನಮಗೆ ಬರಬೇಕಿದ್ದು ದಾರಿ ತಪ್ಪಿದ ಹಾಗೆ ಅನ್ನಿಸುತ್ತದೆ. ಬೆಳಗಿನ ಹೊತ್ತಿನಲ್ಲಿ, ದಿನದ ಯಾವ ಎಲೆಯೂ ಮಗುಚಿರದಾಗ, ಆ ಹಳೆಯ ಪಟ್ಟಿಯನ್ನು ಒಮ್ಮೆ ಓದಿನೋಡಿದರೆ ಅದರಲ್ಲಿ ನಿಜವಾಗಿ ನಮ್ಮದಾಗಿದ್ದುದು ಎಷ್ಟು ಕಡಿಮೆ ಎಂದು ತಿಳಿಯುತ್ತದೆ.

ಕಂಡ ಎಲೆಯ ಮಾತು ಮಾತ್ರ ಬೇರೆ. ಹಾಕುವಾಗ ಒಂದೆಲೆ ಮಗುಚಿಬಿದ್ದರೆ ಅದರಿಂದ ನಿಜವಾಗಿಯೂ ಯಾರಿಗೋ ನಷ್ಟವಾಗುತ್ತದೆ. ಅದು ಇಂಥವನ ಕೈಯಲ್ಲಿದೆ ಎಂದು ಉಳಿದವರಿಗೆ ತಿಳಿದುಹೋಯಿತು, ಆ ತಿಳಿವಳಿಕೆಯನ್ನು ವಾಪಸ್ ಪಡೆಯಲಾಗದು. ಆದ್ದರಿಂದ ಆ ಎಲೆಯನ್ನು ಕಟ್ಟಿನ ನಡುವೆ ತೂರಿಸಿ ಬೇರೆ ಕೊಡುವುದು, ಒಂದಕ್ಕಿಂತ ಹೆಚ್ಚು ಮಗುಚಿದ್ದರೆ ಎಲ್ಲವನ್ನೂ ಕೂಡಿಸುವುದು, ಇಂಥ ಪದ್ಧತಿ ಹಲವು ಕಡೆ ಇದೆ. ಹಾಕುವವರಿಗೆ ಕಟ್ಟಿನ ಕೆಳಗಿನ ಎಲೆ ಕಂಡುಬಿಡುವುದೂ ಇದೇ ಜಾತಿಯದು. ಪಾಪ, ಬೇಕೆಂದು ನೋಡಿರುವುದಿಲ್ಲ. ಕಂಡಿತು ಎಂದು ಬಾಯಿಬಿಟ್ಟರೆ ಇನ್ನೊಮ್ಮೆ ಕಟ್ ಮಾಡಿಸಿ ಮುಗಿಸಬಹುದು. ಬಿಡದಿದ್ದರೆ ಆ ಆಟ ಪೂರ್ತಿ ಒಬ್ಬರು ಮಾತ್ರ ಹೊತ್ತ ಒಂದು ಗುಟ್ಟಿನ ಮೇಲೆ ನಡೆಯುತ್ತದೆ.

ಕಲಸುವುದರಲ್ಲೇ ಆಗುವ ತಪ್ಪನ್ನು ನಾವು ತಪ್ಪೆಂದು ಎಣಿಸುವುದೇ ಇಲ್ಲ. ಡೇವ್ ಬೇಯರ್ ಮತ್ತು ಪರ್ಸಿ ಡಯಾಕೋನಿಸ್ ಎಂಬ ಗಣಿತಜ್ಞರು 1992ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕಟ್ಟನ್ನು ಎರಡು ಭಾಗ ಮಾಡಿ ಅಂಚು ಅಂಚಿಗೆ ಬಿಟ್ಟು ಸೇರಿಸುವ ಪಟಪಟ ಕಲಸುವಿಕೆ ಸುಮಾರು ಏಳು ಸಲವಾದರೂ ಆಗಬೇಕು, ಆಗ 52 ಎಲೆ ಸರಿಯಾಗಿ ಬೆರೆಯುತ್ತವೆ. ನಮ್ಮಲ್ಲಿ ಮಾಡುವಂತೆ ಅಂಗೈಯಲ್ಲಿ ಹಿಡಿದು ಕಂತೆ ಕಂತೆಯಾಗಿ ಮುಂದಕ್ಕೆ ಹಾಕಿಕೊಂಡರೆ ಅಷ್ಟು ಸಲ ಏನೇನೂ ಸಾಲದು. ಹಿಂದಿನ ಆಟದಲ್ಲಿ ಒಟ್ಟಿಗೆ ಕೂಡಿದ ಎಲೆಗಳು ಈ ಆಟಕ್ಕೂ ಒಟ್ಟಿಗೇ ಬರುತ್ತವೆ. ಮಕ್ಕಳು ಚಾಪೆಯ ಮೇಲೆ ಹರಡಿ ಎರಡೂ ಕೈಯಿಂದ ತಿರುವಿ ತಿರುವಿ ಕಲಸುತ್ತಾರಲ್ಲ, ದೊಡ್ಡವರು ಅದನ್ನು ನೋಡಿ ಬೈಯುತ್ತಾರಲ್ಲ, ಆ ಕಲಸುವಿಕೆಯೇ ಇದಕ್ಕಿಂತ ಎಷ್ಟೋ ಒಳ್ಳೆಯದು.

ತಪ್ಪಿಗೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಬೇರೆ ಬೇರೆ ಆಟಗಳು ಬೇರೆ ಬೇರೆ ಕಾಲದಲ್ಲಿ ಕೊಟ್ಟ ಉತ್ತರಗಳಲ್ಲಿ ಒಂದು ದಾರಿ ಕಾಣುತ್ತದೆ. ಇಂಗ್ಲೆಂಡಿನ ಹಳೆಯ ವಿಸ್ಟ್ ಆಟದಲ್ಲಿ ಎಲೆ ತಪ್ಪಿದರೆ ಹಾಕುವ ಸರದಿಯೇ ಹೋಗಿ ಮುಂದಿನವರ ಪಾಲಾಗುತ್ತಿತ್ತು. ಅಲ್ಲಿ ಹಾಕುವವರ ಕೊನೆಯ ಎಲೆಯೇ ತುರುಫು, ಅದೊಂದು ಲಾಭ. ತಪ್ಪಿಗೆ ಆ ಲಾಭವನ್ನು ಕಿತ್ತುಕೊಳ್ಳುವುದು ಶಿಕ್ಷೆ. ಅದೇ ವಂಶದಲ್ಲಿ ಮುಂದೆ ಬಂದ ಬ್ರಿಜ್ ಈ ಶಿಕ್ಷೆಯನ್ನು ಕೈಬಿಟ್ಟಿತು. ಎಲೆ ತಪ್ಪಿದೆಯೇ, ಅವರೇ ಮತ್ತೆ ಹಾಕಲಿ. ನನಗೆ ಬ್ರಿಜ್‌ನ ದಾರಿ ಹಿಡಿಸುತ್ತದೆ. ಕೈಜಾರಿಗೆ ಶಿಕ್ಷೆ ಇಟ್ಟರೆ ಕೈಜಾರುವುದು ನಿಲ್ಲುವುದಿಲ್ಲ, ಹೇಳಿಕೊಳ್ಳುವುದು ನಿಲ್ಲುತ್ತದೆ. ಪೋಕರ್‌ನವರು ಇನ್ನೊಂದು ಗೆರೆ ಎಳೆದಿದ್ದಾರೆ. ಇಬ್ಬರು ದುಡ್ಡು ಮುಂದಿಟ್ಟು ಆಡಿದ ಮೇಲೆ ಹಂಚಿಕೆಯ ತಪ್ಪನ್ನು ಎತ್ತುವ ಹಾಗಿಲ್ಲ, ಆಟ ನಡೆದುಹೋಗಬೇಕು. ಮೊದಲ ಸಲ ಕೇಳಿದವರಿಗೆ ಇದು ಅನ್ಯಾಯ ಅನ್ನಿಸಬಹುದು, ತಪ್ಪು ಎಂದಿದ್ದರೂ ತಪ್ಪೇ ಅಲ್ಲವೇ ಎಂದು. ಆದರೆ ಆ ತಪ್ಪಿನ ಮೇಲೆ ನಂಬಿಕೆ ಇಟ್ಟು ಒಬ್ಬರು ಹೆಜ್ಜೆ ಮುಂದಿಟ್ಟಾಯಿತು, ಅವರನ್ನು ನೋಡಿ ಇನ್ನೊಬ್ಬರು ಇಟ್ಟಾಯಿತು. ಈಗ ಹಿಂದಕ್ಕೆ ಎಳೆದರೆ ಹಳೆಯ ತಪ್ಪು ಹೋಗಿ ಹೊಸದೊಂದು ಹುಟ್ಟುತ್ತದೆ.

ನಮ್ಮ ರಮ್ಮಿಯಲ್ಲೂ ಇದರ ಸುಳಿವಿದೆ. ಹಾಕುವವರ ತಪ್ಪಿಗೆ ಪಾಯಿಂಟ್ ಇಲ್ಲ. ಆದರೆ ಎಲೆ ಕೂಡದೆ ಶೋ ಮಾಡಿದವರಿಗೆ 80. ಎರಡೂ ತಪ್ಪೇ. ಒಂದು ಬೆರಳಿನದು, ಇನ್ನೊಂದು ನಾನು ಗೆದ್ದೆ ಎಂದು ಸಾರಿದ್ದು. ಸಾರುವ ಮುಂಚೆ ನೋಡಿಕೊಳ್ಳಲು ಅವರಿಗೆ ಬೇಕಾದಷ್ಟು ಹೊತ್ತಿತ್ತು.

ಹಂಚಿಕೆಯ ತಪ್ಪು ಎಂದಾಗ ಮೈಸೂರಿನ ಹಳೆಯ ಎಲೆಯಾಟ ಗಂಜೀಫಾದ ನೆನಪು ಬರುತ್ತದೆ. 1831ರಲ್ಲಿ ರಾಜ್ಯದ ಆಡಳಿತ ಕಂಪನಿಯವರ ಕೈಗೆ ಹೋಯಿತು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವವರೆಗೆ ಮುಮ್ಮಡಿ ಕೃಷ್ಣರಾಜ ಒಡೆಯರು ಕಲೆ, ವಿದ್ಯೆ, ಆಟಗಳಿಗೆ ಮನಸ್ಸು ಕೊಟ್ಟರು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಎಲೆಯಾಟಗಳ ವಿವರಗಳಿವೆ, 360 ಎಲೆಯ ಆಟವೂ ಅದರಲ್ಲಿದೆ. ಬಣ್ಣ ಬರೆದ ಆ ಎಲೆಗಳನ್ನು ನೋಡಿದವರಿಗೆ ಒಂದೊಂದೂ ಒಂದು ಪುಟ್ಟ ದೇವರಪಟದಂತೆ ಕಾಣುತ್ತದೆ. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಮೂವರು ಕೂತರೆ ತಲೆಗೆ ನಲವತ್ತು, ಕಟ್ಟಿನಲ್ಲಿ ಒಂದೂ ಉಳಿಯುವುದಿಲ್ಲ. ಹಗಲಾದರೆ ರಾಮನ ರಾಜನೆಲೆ ಇದ್ದವರು ಆಟ ಎತ್ತುತ್ತಾರೆ, ರಾತ್ರಿಯಾದರೆ ಕೃಷ್ಣನ ರಾಜನೆಲೆ ಇದ್ದವರು. ಎಲ್ಲ ಎಲೆಯನ್ನೂ ಹಂಚಿಬಿಡುವ ಆಟದ ಒಂದು ಗುಣವೆಂದರೆ ಅದರಲ್ಲಿ ತಪ್ಪು ಅಡಗಿ ಕೂರಲಾರದು. ಒಬ್ಬರಿಗೆ 41 ಹೋಗಿದ್ದರೆ ಇನ್ನೊಬ್ಬರಿಗೆ 39 ಬಂದೇ ಇರಬೇಕು. ರಮ್ಮಿಯಲ್ಲಿ ಹಾಗಲ್ಲ. ಕಟ್ಟಿನಲ್ಲಿ ರಾಶಿ ಉಳಿದಿರುತ್ತದೆ, ಒಬ್ಬರಿಗೆ ಹೆಚ್ಚಾದದ್ದು ಯಾರಿಗೂ ಕಡಿಮೆಯಾಗಿ ಕಾಣುವುದಿಲ್ಲ. ಯಾರ ಪಾಲಿನದೂ ಅಲ್ಲದ ರಾಶಿಯಿಂದ ಹೆಚ್ಚಿಗೆ ಬಂದದ್ದನ್ನು ಹೇಳಿಕೊಳ್ಳಲು ಹೆಚ್ಚಿನ ಪ್ರಾಮಾಣಿಕತೆ ಬೇಕು. ಸರ್ಕಾರದ ದುಡ್ಡಿನ ವಿಷಯದಲ್ಲಿ ನಾವು ಸೋಲುವುದೂ ಇಲ್ಲೇ.

ಅಣ್ಣತಮ್ಮಂದಿರ ಪಾಲಿನಲ್ಲಿ ಇದೆಲ್ಲ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಪಾಲಾಗುವಾಗ ಹಿರಿಯವನು ಪಾಲು ಹಾಕಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು ಎಂಬ ರೂಢಿ ನಮ್ಮ ಕಡೆ ಉಂಟು. ಕೆಲವು ಮನೆಗಳಲ್ಲಿ ಚೀಟಿ ಬರೆದು ಮಗುವಿನ ಕೈಯಿಂದ ಎತ್ತಿಸುತ್ತಾರೆ. ಹಾಕಿದವನಿಗೆ ಕೊನೆಯದು ಎಂಬ ಈ ಬುದ್ಧಿಯೇ ಇಸ್ಪೀಟಿನಲ್ಲೂ ಇದೆ, ಎಲೆ ಹಾಕುವವರು ತಮಗೆ ಕೊನೆಗೆ ಹಾಕಿಕೊಳ್ಳುತ್ತಾರೆ. ಆದರೂ ತಪ್ಪಾಗುತ್ತದೆ. ಸರಪಳಿ ಹಿಡಿದವರು ಎರಡು ಗುಂಟೆ ಆಚೀಚೆ ಮಾಡಿರುತ್ತಾರೆ. ಪಾಲುಪಟ್ಟಿಗೆ ರುಜು ಬೀಳುವ ಮುಂಚೆ, ಬೇಲಿ ಏಳುವ ಮುಂಚೆ ಕಂಡರೆ ಅದೊಂದು ಅರ್ಧ ದಿನದ ಕೆಲಸ. ತಮ್ಮ ಆ ಎರಡು ಗುಂಟೆಯಲ್ಲಿ ತೆಂಗಿನ ಸಸಿ ಇಟ್ಟ ಎಂದುಕೊಳ್ಳಿ. ನಮ್ಮ ಎತ್ತರದ ತಳಿ ಕಾಯಿ ಬಿಡಲು ಆರೇಳು ವರ್ಷ. ಅಷ್ಟು ವರ್ಷ ಅವನು ನೀರು ಹೊತ್ತಿದ್ದಾನೆ. ಮರ ಫಲಕ್ಕೆ ಬಂದ ವರ್ಷ ಅಣ್ಣನಿಗೆ ಅಳತೆ ನೆನಪಾದರೆ, ನಾಡಕಚೇರಿಗೂ ಪಹಣಿ ತಿದ್ದುಪಡಿಗೂ ಓಡಾಟ ಶುರುವಾದರೆ, ನೆಲದ ಲೆಕ್ಕ ಅಣ್ಣನ ಕಡೆಗಿದ್ದರೂ ಮಿಕ್ಕಿದ್ದೆಲ್ಲ ತಮ್ಮನ ಕಡೆಗಿರುತ್ತದೆ. ಮೊದಲೇ ಗೊತ್ತಿದ್ದೂ ಅಣ್ಣ ಮರ ಬೆಳೆಯಲಿ ಎಂದು ಕಾದಿದ್ದರೆ? ಹದಿನಾಲ್ಕನೆಯ ಎಲೆ ಇದೆ ಎಂದು ತಿಳಿದೂ, ಅದು ಇಸ್ಪೀಟ್ ಎಕ್ಕವೋ ಅಲ್ಲವೋ ನೋಡಿಕೊಂಡು ಆಮೇಲೆ ಹೇಳುವವನಿಗೂ ಅವನಿಗೂ ವ್ಯತ್ಯಾಸವಿಲ್ಲ.

ಭಾರತದ ಸಭಾಪರ್ವವನ್ನು ಪಗಡೆಯ ಅನಾಹುತದ ಕಥೆಯಾಗಿ ಓದುತ್ತ ಬಂದಿದ್ದೇವೆ. ದ್ರೌಪದಿ ಸಭೆಯ ಮುಂದಿಟ್ಟ ಪ್ರಶ್ನೆ ಆಟದ ಕ್ರಮದ ಬಗ್ಗೆ ಎಂಬುದು ಮರೆತುಹೋಗುತ್ತದೆ. ಧರ್ಮರಾಯ ಮೊದಲು ತನ್ನನ್ನು ಸೋತನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ಮತ್ತೊಬ್ಬರನ್ನು ಪಣಕ್ಕೆ ಒಡ್ಡುವ ಅಧಿಕಾರ ಎಲ್ಲಿಯದು? ಇದು ಎಲೆ ತಪ್ಪಿದೆ ಎನ್ನುವ ಕೂಗೇ. ಭೀಷ್ಮರಂಥವರು ಧರ್ಮ ಸೂಕ್ಷ್ಮ ಎಂದು ಕೂತರು. ಬಾಯಿಬಿಟ್ಟವನು ಕೌರವರಲ್ಲೇ ಒಬ್ಬನಾದ ವಿಕರ್ಣ. ಗೆದ್ದ ಕಡೆಯವನು, ತಪ್ಪಾಗಿದೆ ಎಂದರೆ ಕಳೆದುಕೊಳ್ಳುವವನು. ಅವನ ಮಾತು ಅಷ್ಟು ತೂಕದ್ದಾಗುವುದು ಅದಕ್ಕೇ. ಮುಂದೆ ಧೃತರಾಷ್ಟ್ರ ಎಲ್ಲವನ್ನೂ ಹಿಂದಕ್ಕೆ ಕೊಟ್ಟ, ಎಲೆಗಳನ್ನೆಲ್ಲ ಕೂಡಿಸಿದ ಹಾಗೆ. ಆಮೇಲೆ ಮತ್ತೆ ಆಟಕ್ಕೆ ಕರೆದರು. ಅಷ್ಟರಲ್ಲಿ ಆ ಸಭೆಯಲ್ಲಿ ನಡೆಯಬಾರದ್ದು ನಡೆದಿತ್ತು, ಅದನ್ನು ಯಾವ ಮರುಹಂಚಿಕೆಯೂ ಅಳಿಸುವಂತಿರಲಿಲ್ಲ.

ಮೊಬೈಲಿನಲ್ಲಿ ರಮ್ಮಿ ಆಡುವವರಿಗೆ ಈ ತೊಂದರೆಗಳಿಲ್ಲ. ಅಲ್ಲಿ ಯಂತ್ರ ಹಂಚುತ್ತದೆ, ಹದಿಮೂರು ಎಂದರೆ ಹದಿಮೂರೇ. ಆನ್‌ಲೈನ್ ಹಣದ ಆಟಗಳನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಕಾಯ್ದೆ ತಂದು ನಿಷೇಧಿಸಿತು. ಎಷ್ಟೋ ಮನೆಗಳ ದೃಷ್ಟಿಯಿಂದ ಅದು ಒಳ್ಳೆಯ ಕೆಲಸ. ಹಣದ ಮಾತು ಬದಿಗಿಟ್ಟರೂ ಆ ಆಟದಲ್ಲಿ ನನಗೆ ಕೊರತೆಯಾಗಿ ಕಾಣುವುದು ಒಂದಿದೆ. ತಪ್ಪಾಗದ ಕಡೆ ತಪ್ಪನ್ನು ಒಪ್ಪಿಕೊಳ್ಳುವ ಅಭ್ಯಾಸವೂ ಆಗುವುದಿಲ್ಲ. ನಂತಾವ ಹದಿನಾಕು ಐತೆ ಎಂದು ಐದು ಜನರ ಮುಂದೆ, ತನಗೆ ಲಾಭವೋ ನಷ್ಟವೋ ಗೊತ್ತಿಲ್ಲದೆ ಹೇಳುವ ಮಾತನ್ನು ಕಲಿಯಲು ಜಗಲಿಯೇ ಬೇಕು. ಸಣ್ಣ ವಿಷಯದಲ್ಲಿ ಅದನ್ನು ಹೇಳಿ ಹೇಳಿ ನಾಲಿಗೆ ಪಳಗಿದವರಿಗೆ, ನಾಳೆ ತೂಕದಲ್ಲೋ ಅಳತೆಯಲ್ಲೋ ಲೆಕ್ಕದ ಪುಸ್ತಕದಲ್ಲೋ ಹೆಚ್ಚಿಗೆ ಬಂದದ್ದನ್ನು ಹೇಳುವುದು ಅಷ್ಟು ಭಾರವಾಗಲಿಕ್ಕಿಲ್ಲ. ಎಳೆಯರನ್ನು ಆಟಕ್ಕೆ ಕೂರಿಸಿಕೊಳ್ಳುವ ಹಿರಿಯರು ಗೆಲ್ಲುವ ಉಪಾಯ ಹೇಳಿಕೊಡುವ ಮುಂಚೆ ಎಲೆ ಎಣಿಸುವುದನ್ನು ಕಲಿಸಬೇಕು ಎಂದು ನಾನು ಒತ್ತಿ ಹೇಳುವುದು ಇದರಿಂದ.

ಕಷ್ಟದ್ದೊಂದು ಉಳಿದಿದೆ. ಅದೇ ಜಗಲಿಯ ಐವರ ಆಟ ಮೂರು ನಾಲ್ಕು ಸುತ್ತು ಹೋಗಿದೆ ಎಂದುಕೊಳ್ಳಿ. ಎಲ್ಲರೂ ಎಳೆದಿದ್ದಾರೆ, ಎಸೆದಿದ್ದಾರೆ. ಆಗ ಒಬ್ಬ, ಯಾವ ಕಪಟವೂ ಇಲ್ಲದೆ, ತನ್ನ ಕೈಯಲ್ಲಿ ಒಂದೆಲೆ ಹೆಚ್ಚಿರುವುದನ್ನು ಕಾಣುತ್ತಾನೆ. ಮೊದಲು ಎಣಿಸಿರಲಿಲ್ಲ, ಅಷ್ಟೆ. ಪೋಕರ್‌ನವರ ಕಟ್ಟಳೆಯಾದರೆ ಅವನ ಕೈ ಸತ್ತಂತೆ. ಅಷ್ಟು ಕಠಿಣವಾಗಲು ನನಗೆ ಮನಸ್ಸು ಬರುವುದಿಲ್ಲ. ಎಲ್ಲವನ್ನೂ ಕೂಡಿಸಿ ಮತ್ತೆ ಹಾಕೋಣವೆಂದರೆ ಉಳಿದ ನಾಲ್ವರು ಯೋಚಿಸಿ ಆಡಿದ ಆಟವೆಲ್ಲ ನೀರುಪಾಲು. ಒಂದೆಲೆ ಎಳೆದು ಹಾಕೋಣವೆಂದರೆ ಈಗ ಅವನು ಎಲ್ಲವನ್ನೂ ನೋಡಿದ್ದಾನೆ, ಹದಿನಾಲ್ಕರ ಆಸರೆಯಿಂದ ಕೈಯನ್ನು ಕಟ್ಟಿಕೊಂಡೂ ಆಗಿದೆ. ನನ್ನನ್ನು ಕೇಳಿದರೆ, ಅವನು ಎಲೆಗಳನ್ನು ಬೋರಲಾಗಿ ಇಟ್ಟು ಈ ಆಟದ ಮಟ್ಟಿಗೆ ಹೊರಗಿರಲಿ, ಅವನ ಹೆಸರಿಗೆ ಒಂದು ಪಾಯಿಂಟೂ ಬರೆಯುವುದು ಬೇಡ. ಉಳಿದವರು ಆಟ ಮುಗಿಸಲಿ. ಮುಂದಿನ ಸಲವೂ ಅದೇ ಹಿರಿಯರೇ ಎಲೆ ಹಾಕಲಿ.